ಎಂಟನೆಯ ಫರಸಿ

ನಮ್ಮ ಮನೆಯ ನೆಲದಲ್ಲಿ
ಒಂದು ಕಲ್ಲೂ ಚೌಕ ಇಲ್ಲ.
ನೆಂಟರು ಬಂದರೆ ಎಡವುತ್ತಾರೆ,
ಅವ್ವ ನಗುತ್ತಾಳೆ:
"ನೋಡಿ ನಡೀರಿ, ಅವು ನನ್ನ ಅಂಜಿಕಿ."

ಶಹಾಬಾದದ ಖಣಿಯಲ್ಲಿ ಅಪ್ಪ ಕಲ್ಲು ಎಬ್ಬಿಸುತ್ತಿದ್ದ.
ಸಾಯಬಣ್ಣ ಛೀಣಿ ಇಟ್ಟರೆ
ಹಾಳೆ ತಿರುವಿದಂತೆ ಪದರು ಏಳುತ್ತದೆ
ಅಂತ ವಾಡಿಯವರೆಗೂ ಮಾತಿತ್ತು.
ಒಂದು ಮಧ್ಯಾಹ್ನ ಗಡಾರಿ ಜಾರಿ
ಮಣಿಕಟ್ಟು ಮುರಿಯಿತು.
ಎಲುಬು ಎರಡು ತಿಂಗಳಿಗೆ ಕೂಡಿತು.
ಪಟ್ಟಿ ಬಿಚ್ಚಿದ ಡಾಕ್ಟರು
ಕೈ ತಿರುವಿ, ಮಡಿಸಿ, ನೋಡಿ,
"ಏನೂ ಆಗಿಲ್ಲ, ಕೆಲಸಕ್ಕ ಹೋಗು" ಅಂದರು.
ಅಪ್ಪ ಹೋದ.
ಸುತ್ತಿಗೆ ಎತ್ತುತ್ತಿದ್ದ, ಅದು ನೆತ್ತಿಯ ಮಟ್ಟಕ್ಕೆ ಬಂದಾಗ
ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತೆ
ನಿಂತುಬಿಡುತ್ತಿದ್ದ.
ತೋಳು ಅದೇ. ಕಲ್ಲು ಅದೇ.
ಎಕ್ಸರೇಗೆ ಕಾಣದ ಜಾಗದಲ್ಲಿ
ಏನೋ ಕೂಡಿರಲಿಲ್ಲ.
ಆಮೇಲೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು
ಹೇಗೆ ಹೊಡೆಯಬೇಕೆಂದು
ಮಂದಿಗೆ ಹೇಳುತ್ತಿದ್ದ.

ಅವ್ವ ಅಷ್ಟು ದಿನ ಬುಟ್ಟಿಯಲ್ಲಿ ಚೂರು ಹೊತ್ತವಳು.
ಒಂದು ಸೋಮವಾರ ಛೀಣಿ ಹಿಡಿದಳು.
ಮಶಾಕ ಮೇಸ್ತ್ರಿ ಬೀಡಿ ಕೆಳಗಿಟ್ಟ:
"ಚಂದಮ್ಮಾ, ಕಲ್ಲಿಗೆ ಕೈಯ ಗುರುತು ಇರ್ತದ."
"ಇರಲಿ. ಇವತ್ತಿಂದ ನಂದೂ ಗುರುತು ಹಿಡೀಲಿ."

ಕಲ್ಲು ಗುರುತು ಹಿಡಿಯಲಿಲ್ಲ.
ಮೊದಲನೆಯದು ಮೂಲೆಯಲ್ಲಿ ಮುಕ್ಕಾಯಿತು.
ಎರಡನೆಯದು ನಡುವೆ ಸೀಳಿ
ಕಾಗಿಣಾ ಹೊಳೆಯ ಹಾಗೆ ಡೊಂಕಾಗಿ ಹರಿಯಿತು.
ಮೂರು, ನಾಲ್ಕು, ಐದು.
ಎಣಿಸಲಿಕ್ಕೆ ಜನ ನಿಂತಿದ್ದರು.
ಮುರಿದ ಪ್ರತಿ ಕಲ್ಲಿನ ರೊಕ್ಕ
ಕೂಲಿಯಲ್ಲಿ ಮುರಿದುಕೊಂಡರು.
"ರೊಕ್ಕ ಹಿಡಿದ ಮ್ಯಾಲೆ ಕಲ್ಲು ನಂದು" ಅಂತ
ಏಳನ್ನೂ ತುಂಡುತುಂಡಾಗಿ
ತಲೆಯ ಮೇಲೆ ಮನೆಗೆ ಹೊತ್ತಳು.

ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಒಂದು ರಾತ್ರಿ
ಅವಳು ಅತ್ತದ್ದು ನನಗೆ ಗೊತ್ತು.
ಒಲೆಯ ಹೊಗೆ ಅಂದಳು.
ಒಲೆ ಆರಿತ್ತು.

ಎಂಟನೆಯದಕ್ಕೆ ಸುತ್ತಿಗೆಯನ್ನೇ ಎತ್ತಲಿಲ್ಲ ಬಹಳ ಹೊತ್ತು.
ಬೆರಳ ಗೆಣ್ಣಿನಿಂದ ಕಲ್ಲನ್ನು ಬಡಿದಳು,
ಮಂದಿ ಮಲಗಿದ ಮನೆಯ ಕದ ಬಡಿದಂತೆ.
ಕಿವಿ ಇಟ್ಟಳು.
ಎದ್ದು ಚಹಾದಂಗಡಿಗೆ ಹೋಗಿ
ಅಪ್ಪನ ಮುಂದೆ ನಿಂತಳು:
"ನೀ ಹೊಡೀಬ್ಯಾಡ. ಛೀಣಿ ಹಿಡಿ, ಸಾಕು."

ಇನ್ನೊಬ್ಬರ ಸುತ್ತಿಗೆಯ ಕೆಳಗೆ
ಒಮ್ಮೆ ಮುರಿದ ಮಣಿಕಟ್ಟು ಇಡುವುದೆಂದರೆ!
ಆ ಹೊತ್ತು ಖಣಿಯಲ್ಲಿ ಯಾರೂ ಕಡ್ಡಿ ಗೀರಲಿಲ್ಲ.
ಅಪ್ಪ ಕಣ್ಣು ಮುಚ್ಚಲಿಲ್ಲ.
ಅವ್ವನ ಮುಖವನ್ನೇ ನೋಡುತ್ತಿದ್ದ,
ಅವಳು ಕಲ್ಲನ್ನೇ.
ಟಣ್.
ಟಣ್.
ಮೂರನೆಯದಕ್ಕೆ ಸಪ್ಪಳ ಬದಲಾಯಿತು,
ಒಳಗೆ ಯಾರೋ "ಬಂದೆ" ಅಂದಂತೆ,
ಮತ್ತು ಫರಸಿ ಎದ್ದಿತು
ಉದ್ದಕ್ಕೂ ಅಂಚು ಕೆಡದೆ,
ಎಂದೂ ಬಿಸಿಲು ಕಾಣದ
ನಸುನೀಲಿ ಮೈ.

ಅದನ್ನು ಅಂದೇ ಲಾರಿ ಒಯ್ದಿತು.
ಈಗ ಯಾರ ಮನೆಯ ಅಂಗಳದಲ್ಲಿದೆಯೋ.
ನಮಗೆ ಉಳಿದದ್ದು ಆ ಏಳು.

ನಾನೀಗ ಕಲಬುರಗಿಯ ದವಾಖಾನೆಯಲ್ಲಿ ನರ್ಸು.
ಮೊದಲ ವಾರ, ಜೇವರ್ಗಿ ಕಡೆಯ ಒಬ್ಬ ಅಜ್ಜ,
ಕೈತುಂಬ ಸುಕ್ಕು, ನರ ಸಿಗಲಿಲ್ಲ.
ಎರಡು ಸಲ ಚುಚ್ಚಿದೆ. ಎರಡು ಸಲವೂ ನೀಲಿಗಟ್ಟಿತು.
"ಬ್ಯಾರೆಯವರ್ನ ಕರೀರಿ" ಅಂದ ಅವನ ಮಗ.
ಬೂಟಿನೊಳಗೆ ನನ್ನ ಅಂಗಾಲಿಗೆ
ಥಟ್ಟನೆ ನಮ್ಮ ನೆಲ ತಾಗಿತು:
ಒಲೆಯ ಹತ್ತಿರ ಆ ಮುಕ್ಕು ಮೂಲೆ,
ಹೊಸ್ತಿಲ ಬಳಿ ಡೊಂಕು ಕಾಗಿಣಾ.
ಎರಡೇ ಅಲ್ಲವೇ ಆದದ್ದು, ಇನ್ನೂ ಐದು ಬಾಕಿ
ಅಂತ ಹೇಳಿದ್ದರೆ
ಅಜ್ಜ ಎದ್ದು ಓಡಿಹೋಗುತ್ತಿದ್ದ.

ಹೇಳಲಿಲ್ಲ.
ಸ್ಟೂಲು ಎಳೆದು ಕೂತೆ.
ಒಣಗಿದ ಆ ಕೈಯನ್ನು
ಎರಡು ಬೆರಳಿಂದ ಮೆಲ್ಲಗೆ ತಟ್ಟಿದೆ.
ಕಾದೆ.

"ಏನ್ ಕೇಳ್ತೀ ಯವ್ವಾ?" ಅಂದ ಅಜ್ಜ.
"ಒಳಗ ಯಾರರ ಅದಾರೇನಂತ."
"ಅದೀನಿ" ಅಂದ.

ಬೆರಳ ಕೆಳಗೆ ಒಂದು ಎಳೆ ಮಿಸುಕಿತು.