ಮೂರನೇದು

ಆರ್ಡರ್ ಬೈ ಮೂರು.
ದಾವಲಸಾಬ ಬರೆದಿಟ್ಟು ಹೋದ ಸಾಲು.
ಹನ್ನೊಂದು ವರ್ಷ ಯಾರೂ ಮುಟ್ಟಿರಲಿಲ್ಲ ಅದನ್ನ,
ಬ್ಯಾಡಗಿ ಯಾರ್ಡಿನ ಈ ಸಣ್ಣ ಕೋಣ್ಯಾಗ,
ಕೀಬೋರ್ಡಿನ ಸಂದಿಗೂ ಮೆಣಸಿನಕಾಯಿ ಧೂಳು,
ಸೀನಿದ್ರ ಪರದೆ ಮ್ಯಾಲೆ ಕೆಂಪು ಹನಿ.

ಒಂದು ಅಂದ್ರ ಲಾಟು, ಎರಡು ಚೀಲ, ಮೂರು ರೇಟು.
ಹೆಸರು ಯಾಕ ಬರೀಬೇಕು, ಅಂತಿದ್ದ,
ಮೂರನೇದು ಅಂದ್ರ ಸಾಕು, ಅದಕ್ಕ ತಿಳೀತೈತಿ.
ತಿಳೀತಿತ್ತು.
ಸೋಮವಾರ, ಗುರುವಾರ, ಮಧ್ಯಾಹ್ನದ ಹೊತ್ತಿಗೆ
ಹೊರಗಿನ ಬೋರ್ಡಿನಾಗ
ಹೆಚ್ಚಿನ ರೇಟು ಮ್ಯಾಲೆ, ಕಡಿಮಿದು ಕೆಳಗ,
ಮೆಟ್ಟಲ ಇಳಿದಂಗ ಇಳೀತಿತ್ತು.

ಈ ಮಾಘದಾಗ ಮ್ಯಾಲಿನವರ ಕಾಗದ ಬಂತು:
ತೇವಾಂಶನೂ ತೋರಿಸ್ರಿ.
ನಾನ ಸೇರಿಸಿದೆ, ನನ್ನ ಕೈಲೇ,
ಚೀಲದ ಮಗ್ಗಲಕ್ಕ, ರೇಟಿಗಿಂತ ಮದಲ,
ಅಲ್ಲಿ ಛಂದ ಕಾಣ್ತೈತಿ ಅಂತ.
ತುದಿಗೆ ಕುಂತಿದ್ದ ಮೂರಕ್ಕ ಹೇಳಲಿಲ್ಲ.
ಅದೂ ನನ್ನ ಕೇಳಲಿಲ್ಲ.

ತಪ್ಪು ಅಂದ್ರ ತಡೀಬೇಕಲ್ಲ ಯಂತ್ರ,
ತಡೀಲಿಲ್ಲ.
ಪರದೆ ತುಂಬ ಬಂತು, ನೀಟಾಗಿ,
ಎಲ್ಲಾದ್ರಕಿಂತ ಮ್ಯಾಲೆ ಲಾಟು ಇನ್ನೂರಾ ಹದಿನಾಕು,
ಹಿಂಡಿದ್ರ ನೀರು ಬರೂವಂಥ ಕಾಯಿ.
ಒಣಗಿದ ಡಬ್ಬಿ, ಅಲ್ಲಾಡಿಸಿದ್ರ ಬೀಜ ಗಲಗಲ ಅನ್ನೂದು,
ತಳದಾಗ.

ದಲಾಲರು ನಕ್ರು. ಹಮಾಲರು ನಕ್ರು.
ಗುಡಗೇರಿ ಗದಿಗೆವ್ವ ನಗಲಿಲ್ಲ.
ಕಿಟಕಿ ಸರಳಿಗೆ ಮುಖ ಹಚ್ಚಿ ಕೇಳಿದಳು:
ನನ್ನ ಕಾಯಿ ಒಣಗಿದ್ದ ತಪ್ಪಾತೇನವಾ?
ರೇಟು ಅಷ್ಟ ಐತಿ ಆಯಿ, ಬರೇ ಜಾಗ ಬದಲಾಗೇತಿ, ಅಂದೆ.
ಓದಾಕ ಬರಂಗಿಲ್ಲ ನನಗ, ಅಂದಳು,
ನನ್ನ ಲಾಟಿನ ಅಂಕಿ ಒಂದ ಗುರ್ತು,
ಉಳಿದದ್ದು ಮ್ಯಾಲಿಂದ ಎಣಿಸಿ ತಿಳ್ಕೊಂತೀನಿ.

ತೊಟ್ಟು ಬಿಡಿಸೂ ಗೋದಾಮಿನ್ಯಾಗ
ನಮ್ಮವ್ವ ಮೂರನೇದಾಕಿ.
ಮೇಸ್ತ್ರಿ ವಹಿಯೊಳಗ ಹೆಸರು ಇರಲಿಲ್ಲ,
ಗ್ವಾಡಿ ಕಡೆಯಿಂದ ಒಂದು, ಎರಡು, ಮೂರು,
ಎದುರಿಗೆ ಬುಟ್ಟಿ ಲೆಕ್ಕ.
ಒಂದಿನ ಮದಲನೇದಾಕಿ ಕೂಸಿಗೆ ಜ್ವರ, ಬರಲಿಲ್ಲಕಿ.
ಎಲ್ಲಾರೂ ಒಂದೊಂದು ಚಾಪಿ ಸರಿದು ಕುಂತ್ರು,
ಗ್ವಾಡಿ ಹತ್ರ ಗಾಳಿ ಜಾಸ್ತಿ ಅಂತ.
ಅವ್ವನ ಏಳು ಬುಟ್ಟಿ ಎರಡನೇದಾಕಿ ಲೆಕ್ಕಕ್ಕ,
ನಾಲ್ಕನೇದಾಕಿ ನಾಕು ಬುಟ್ಟಿ ಅವ್ವಗ.
ರಾತ್ರಿ, ಉರಿಯೂ ಬೆರಳು ಮಜ್ಜಿಗ್ಯಾಗ ಅದ್ದಿ,
ಇವತ್ತ ನಾ ಎರಡನೇದಾಕಿ ಆಗಿದ್ನೆಲ್ಲ, ಅಂತ ನಕ್ಕಳು.
ಮೇಸ್ತ್ರಿದು ತಪ್ಪಿಲ್ಲ, ಅವ ಬರೋಬರಿ ಎಣಿಸ್ಯಾನ.
ಹೊಳೆಬಸವ್ವ ಅಂತ ಬರೆದಿದ್ರ
ಎಲ್ಲಿ ಕುಂತ್ರೂ ಹುಡುಕ್ಕೊಂಡು ಬರ್ತಿತ್ತು
ಆ ಏಳು ಬುಟ್ಟಿ.

ಮೂರು ಅಳಿಸಿದೆ.
ರೇಟು ಅಂತ ಬರೆದೆ. ಎರಡು ಅಕ್ಷರ.
ಗದಿಗೆವ್ವನ ಲಾಟು ಹತ್ತಿ ಹೋತು, ಮ್ಯಾಲಿಂದ ಐದನೇದು.
ಹೊರಗ ಆಕಿ ಬೆರಳು ಮಡಚಿ ಎಣಿಸೂದು ಕಂಡೆ,
ಎರಡು ಸಲ.

ಸಂಜಿಗೆ ದಾವಲಸಾಬಗ ಫೋನ್ ಮಾಡಿದೆ.
ಈಗ ಮೊಮ್ಮಗನ ಜೋಡಿ ಸೈಕಲ್ ಅಂಗಡ್ಯಾಗ ಇರ್ತಾನ.
ಒಂದs ಕಡೆ ಅಲ್ಲ ತಂಗಿ, ಅಂದ,
ತಿಂಗಳ ಲೆಕ್ಕದಾಗ ಗ್ರೂಪ್ ಬೈ ಎರಡು ಐತಿ ನೋಡು,
ಹಮಾಲಿ ಪಟ್ಟಿಯೊಳಗ ಒಂದು ಐದು,
ಇನ್ನೂ ಎಲ್ಲೆಲ್ಲೋ, ನೆನಪಿಲ್ಲ ನನಗ.
ಅವಾಗ ನಾನೊಬ್ಬನ ಇದ್ದೆ, ಎಲ್ಲಾ ಜಾಗ ಬಾಯಿಪಾಠ.

ಯಾರ್ಡಿನ ದೀಪ ಆರಿಸ್ಯಾರ.
ತಟ್ಟಿನ ಚೀಲ ಮಡಚೂ ಸಪ್ಪಳ.
ಒಂದು ಸೀನು ತಡಕೊಂಡು
ಹುಡುಕಾಕ ಹತ್ತೀನಿ ಅಂಕಿಗಳನ್ನ,
ಹೆಸರಿಲ್ಲದ ಕುಂತಾವ ಎಷ್ಟೋ.