ಹನ್ನೆರಡರೊಳಗ

ಹನ್ನೊಂದು ಹೊಡದು ಇಪ್ಪತ್ತು ನಿಮಿಷಕ್ಕ
ತ್ರಿಶಲಾ ನಿದ್ದಿಗಿ ಬೀಳ್ತಾಳ, ಪುಸ್ತಕ ಎದಿ ಮ್ಯಾಲ.
ಬೆರಳ ಸಂದಿನಿಂದ ಫೋನ್ ಮೆಲ್ಲಕ ಬಿಡಿಸ್ಕೋತೀನಿ.
ದಿನಕ್ಕ ಒಂದೂವರಿ ಜಿಬಿ. ಆಕಿ ಉಂಡು ಬಿಟ್ಟಿದ್ದು
ತಳದಾಗ ಇನ್ನಾ ಸ್ವಲ್ಪ ಅದ.
ಹನ್ನೆರಡಕ್ಕ ಅದು ಕೆಡ್ತದ.
ನಾಳಿಗಿ ಇಡ್ಲಾಕ ಬರಂಗಿಲ್ಲ,
ಕಟಕ ರೊಟ್ಟಿ ಅಲ್ಲ ಅದು.

ಹಂಗ ಶುರು ಆಯ್ತು ನಂದು.
ಸುಮ್ನ ಯಾಕ ಹಾಳ ಮಾಡೋದು, ಅಂತ.

ಮೊದಲ್ನೇ ರಾತ್ರಿ ಸಿಕ್ಕಿದ್ದು ಜ್ವಾಲಾಮುಖಿ.
ಎರಡನೇದು ಸಂಧಿ: ಲೋಪ, ಆಗಮ, ಆದೇಶ,
ನಮ್ಮ ಮಿಲ್ಲಿನ ಹಮಾಲರ ಹೆಸರು ಕರದಂಗ.
ಮೂರನೇದು, ಒಬ್ಬ ಬಾಯಿ ಹೃದಯ ಬಿಚ್ಚಿ ತೋರಿಸಿದಳು,
ನಾಲ್ಕು ಖೋಲಿ ಅವ, ನಡುವ ಬಾಗಲ.
ಒಂದೇ ಖೋಲ್ಯಾಗ ಐದು ಮಂದಿ ಮಲಗಿದ್ವಿ,
ನಾ ಒಬ್ಬಾಕೇ ಎದಿ ಮುಟ್ಟಿ ನೋಡ್ಕೊಂಡೆ,
ಇಷ್ಟು ಜಾಗ ಇತ್ತಾ ಇದರಾಗ?

ಯಾರೂ ಫೀಸ್ ಕೇಳಲಿಲ್ಲ.
ಹೆಸರು ಕೇಳಲಿಲ್ಲ. ಅಡ್ಡಹೆಸರು ಕೇಳಲಿಲ್ಲ.

ಭಿನ್ನರಾಶಿ ಶುರು ಆದ ವಾರ ಸಾಲಿ ಬಿಟ್ಟಾಕಿ ನಾ.
ಮೂವತ್ತೊಂದು ವರ್ಷ ಆಯ್ತು,
ಮುಕ್ಕಾಲು ಅಂದ್ರ ಅಳಿಲಾಕ ಬರ್ತದ,
ಬರಿಲಾಕ ಬರಂಗಿಲ್ಲ.
ಅದಕ ಈಗ ಆ ಸರ್ ಹಿಡದೀನಿ,
ಅರ್ಧ ತೋಳಿನ ಅಂಗಿ, ಬೆನ್ನಿಂದಿನ ಗಡಿಯಾರ
ಯಾವಾಗ ನೋಡು ಮೂರೂ ಹತ್ತು.
ಅವರ ಊರಾಗ ಮಳಿ ಬರ್ಲತ್ತದ, ಪಾಠದ ಹಿಂದ ಕೇಳಸ್ತದ.
ನಂದೂರಿನ ಮೇ ತಿಂಗಳದಾಗ ಕುಂತು
ಲೆಕ್ಕ ತಿಳಿದ ಮ್ಯಾಲೂ ಹಿಂದಕ ಎಳದು
ಒಮ್ಮೊಮ್ಮಿ ಬರೇ ಮಳಿ ಕೇಳ್ತೀನಿ, ಖರೇ ಹೇಳ್ತೀನಿ.

ಪೆನ್ನು ತ್ರಿಶಲಾಂದು, ಖರ್ಚು ಮಾಡಂಗಿಲ್ಲ.
ಒದ್ದಿ ಬೆರಳಿಲೆ ಪರಸಿ ಮ್ಯಾಲ ಬರೀತೀನಿ:
ಮ್ಯಾಲ ಮೂರು, ಗೆರಿ, ಕೆಳಗ ನಾಲ್ಕು.
ಕಾದ ಕಲ್ಲು.
ಉತ್ತರ ಬರೋದ್ರಾಗ ಲೆಕ್ಕ ಆರಿ ಹೋಗ್ತದ.

“ತಿಳಿಯಿತೇ?” ಅಂತಾರ ಸರ್,
ಎರಡು ಸೆಕೆಂಡ್ ಸುಮ್ಮನಿರ್ತಾರ.
ಇಲ್ರೀ ಸರ್, ಅಂತೀನಿ.
“ಬಹಳ ಒಳ್ಳೆಯದು,” ಅಂದು ಮುಂದಕ ಹೋಗ್ತಾರ.

ಹಿಂದಕ ಎಳೀತೀನಿ. ಮತ್ತ ಹೇಳ್ತಾರ.
ಹನ್ನೊಂದು ಸಲ. ಒಂದರಾಗೂ ಸಿಟ್ಟಿಲ್ಲ.
ಆದ್ರ ಆ ಎರಡು ಸೆಕೆಂಡ್
ಯಾರಿಗಿ ಬಿಟ್ಟಾರೋ, ಅವರಿಗಿ ನಾ ಕಾಣಂಗಿಲ್ಲ.

ಮಿಲ್ಲಿನ್ಯಾಗ ತೇವ ನೋಡೋ ಮಿಷಿನ್ ಅದ.
ಅದು ಕೆಟ್ಟ ದಿನ ಸೇಠ ಕರೀತಾನ, ಏ ಸುಗಲಾಬಾಯಿ.
ತೊಗರಿ ಹಲ್ಲಿಗಿಟ್ಟು ಕಚ್ತೀನಿ.
ಟಕ್ ಅಂದ್ರ ಒಣಗ್ಯಾದ.
ಠಪ್ ಅಂದ್ರ ಒಳಗ ನೀರದ.
ನಡುವ ಇನ್ನೊಂದು ಸಪ್ಪಳ ಅದ,
ಅದಕ ಹೆಸರಿಲ್ಲ. ದಾಳಿ ಛಂದ ಒಡಿಯೋದು ಅದಕೇ.

ಇದನ್ನ ಯಾರು ಕಲಸ್ತಾರ ಅಂತ ಹುಡುಕಿದೆ ಒಂದಿನ.
ಸಾರು ಬಂತು, ಹದಿನೆಂಟು ನಮೂನಿ.
ಹಲ್ಲು ಅಂತ ಬರದ್ರ
ಹಲ್ಲು ಕೀಳೋ ಡಾಕ್ಟರ್ ಬಂದ.

ಐತವಾರ ತ್ರಿಶಲಾ ಫೋನ್ ಹಿಡದಳು.
ಅಂಗಳ ತುಂಬ ಕಾಳು, ಬರಿಗಾಲಿಲೆ ಸಾಲು ಎಳದದ್ದು.
ಅವ್ವಾ, ಮೊದಲ ಹೆಸರು ಹೇಳು.
ಹೇಳಿದೆ. ಗಂಟಲ ಒಣಗಿತ್ತು, ಕಾಳಿಗಿಂತ.
ಒಂದು ಕಚ್ಚಿದೆ. ಟಕ್.
ಇನ್ನೊಂದು. ಠಪ್.
ಮೂರನೇದಕ್ಕ ಮಾತು ಸಿಗಲಿಲ್ಲ,
ಫೋನಿನ ಹತ್ರ ಬಾಯಿ ಒಯ್ದು ಕಚ್ಚಿದೆ,
ನೀವೇ ಕೇಳ್ಕೋರಿ ಅಂತ.

ತಿಳೀತೇನ್ರಿ? ಅಂದೆ.

ಸುಮ್ಮನ ನಿಂತೆ.
ತ್ರಿಶಲಾ ಕೈ ಆಡಸ್ಲತ್ತಾಳ, ಮುಂದಕ ಹೇಳು, ಮುಂದಕ.
ರೋಡಿನ್ಯಾಗ ಲಾರಿ ಹೋಯ್ತು. ಪಾರಿವಾಳ ಇಳದು ಕಾಳಿಗಿ ಬಾಯಿ ಹಾಕಿತು.
ಎರಡು ಸೆಕೆಂಡ್ ಯಾವಾಗೋ ಮುಗದಿತ್ತು.
ಇರು ಅಂದೆ ಆಕಿಗಿ.
ಇಲ್ರೀ ಅನ್ನೋರು ಒಬ್ರರ ಇರ್ತಾರ.