ಕಡ್ಡಿ

ಮೂರು ಕಂಪನಿಯ ಸಿಮ್ಮು ಸಾಲ ತಂದು
ಮೊನ್ನೆ ತೀರ್ಥಹಳ್ಳಿಯ ಹೊಳೆಗೆ ಇಳಿದಿದ್ದೆ.
ಅವ್ವ ಒಗೆಯುವ ಕಲ್ಲಿನ ಮೇಲೆ ನಿಂತು
ಒಂದೊಂದೇ ಎತ್ತಿ ಹಿಡಿದೆ:
ಒಂದಕ್ಕೆ ಎರಡು ಕಡ್ಡಿ, ಒಂದಕ್ಕೆ ಏನೂ ಇಲ್ಲ,
ಸರ್ಕಾರದ್ದಕ್ಕೆ ಕಮಾನು ಸೇತುವೆ ಕಡೆ ತಿರುಗಿದರೆ ಮಾತ್ರ.

ಅಂಗಡಿಯಲ್ಲಿ ಅವ್ವನಿಗೆ ಅದ್ಯಾವುದೂ ಬೇಡ.
ಗುಂಡಿ ಇರೋದು ಕೊಡು ಮಾರಾಯ,
ನೀರಿಗೆ ಬಿದ್ರೆ ಬದುಕ್ತದಾ?
ಒಣಗಿಸೋದು ಬಿಸಿಲಿಗಾ, ನೆರಳಿಗಾ?
ಅಕ್ಕಿಯೊಳಗಿಡಿ ಅಂದ ಹುಡುಗ.
ಗಂಜಿ ಹಾಕೋದು ಬಟ್ಟೆಗೆ ಕಣೋ, ಅಂದಳು.

ಹೆಬ್ಬೆಟ್ಟು ಇಡಿ ಅಮ್ಮ.
ಕೆಂಪು ದೀಪ.
ಸೆರಗಿಗೆ ಒರೆಸಿ ಮತ್ತೊಮ್ಮೆ. ಕೆಂಪು.
ತೋರುಬೆರಳು, ಉಂಗುರದ್ದು,
ಎಡಗೈಯ ಐದೂ ಮುಗಿದವು.
ಊರಿನ ಕೊಳೆ ತೆಗೆದ ಐವತ್ತು ವರ್ಷದ ಸೋಡಾ
ಅವಳ ಗೆರೆಗಳನ್ನೂ ಹೊಳೆಗೆ ಬಿಟ್ಟಿದೆ.
'ಸವೆದಿದೆ, ನಿಮ್ಮ ಹೆಸರಲ್ಲಿ ಆಗಲ್ಲ.'

ಅವ್ವ ಬೆರಳನ್ನು ಟ್ಯೂಬ್‌ಲೈಟಿಗೆ ಹಿಡಿದು
ಅಂಗಿಯ ಕಾಲರು ನೋಡುವ ಹಾಗೆ ನೋಡಿದಳು.
ಚೊಕ್ಕ ಅದೆ, ಅಂದಳು.

ನನ್ನದು ಒಂದೇ ಸಲಕ್ಕೆ ಹಸಿರು.
ಒಂದು ಪಂಚೆಯನ್ನೂ ಕಲ್ಲಿಗೆ ಬಡಿಯದ ಹೆಬ್ಬೆಟ್ಟು.
ಎರಡು ಕಡ್ಡಿಯ ಕಂಪನಿ, ನನ್ನ ಹೆಸರು.

ದಾರಿಯಲ್ಲಿ ಕೇಳಿದಳು, ನಿನ್ನ ಗುಂಡಿ ಯಾವ್ದು?
ಎರಡು. ಒತ್ತಿ ಹಿಡ್ಕೋ.
ಎರಡೂ ಏಳೂ ನನಗೆ ಒಂದೇ, ಅಂದಳು.

ಮನೆಗೆ ಬಂದವಳೇ ಗೇರಿನ ಶಾಯಿ ತೆಗೆದಳು,
ವಕೀಲರ ಮನೆಗೆ ಎರಡು ಚುಕ್ಕಿ,
ಲಾಡ್ಜಿನ ಹೊದಿಕೆಗೆ ಕತ್ತರಿ ಗೀಟು
ಹಾಕುತ್ತಿದ್ದ ಅದೇ ಕಡ್ಡಿ.

ನಮ್ಮ ಬಟ್ಟೆಗೆ ಯಾವತ್ತೂ ಗುರುತು ಹಾಕಿದವಳಲ್ಲ.
ಫೋನನ್ನು ತೊಡೆಯ ಮೇಲಿಟ್ಟುಕೊಂಡು,
ಕಡ್ಡಿ ಅದ್ದಿ,
ಶಾಯಿ ಒಣಗುವವರೆಗೂ
ಸುಮ್ಮನೆ ನನ್ನನ್ನೇ ನೋಡುತ್ತ ಕೂತಳು.